ಆನ್‌ಕಾಲ್ ವಾರಕ್ಕೆ ಬೇರೆ ದುಡ್ಡು ಕೇಳಬಹುದಾ? (ಬೆಂಗಳೂರು, ಸಾಫ್ಟ್‌ವೇರ್)

ಪ್ರಶ್ನೆ
ನಾಲ್ಕು ವಾರಕ್ಕೊಮ್ಮೆ ಆನ್‌ಕಾಲ್. ಏಳೂ ದಿನ ಹಗಲು ರಾತ್ರಿ ಫೋನ್ ಕೈಲಿರಬೇಕು, ಅಲರ್ಟ್ (ಸಿಸ್ಟಂನಲ್ಲಿ ತೊಂದರೆಯಾಗಿದೆ ಅನ್ನೋ ಸೂಚನೆ) ಬಂದ 15 ನಿಮಿಷದಲ್ಲಿ ಲಾಗಿನ್ ಆಗಿರಬೇಕು. ಗ್ರಾಹಕರು ಅಮೆರಿಕದವರು, ಹಾಗಾಗಿ ಅಲರ್ಟ್ ಬರೋದೆಲ್ಲ ನಡುರಾತ್ರಿ. ಎಚ್‌ಆರ್‌ನವರು ಎಲ್ಲ ಸಿಟಿಸಿಯಲ್ಲೇ (ಕಂಪನಿ ನನಗೆ ಮಾಡುವ ಒಟ್ಟು ವೆಚ್ಚದಲ್ಲೇ) ಸೇರಿದೆ ಅಂತಾರೆ. ನಾನು ಸೀನಿಯರ್ ಇಂಜಿನಿಯರ್, ಕೈಕೆಳಗೆ ಯಾರೂ ಇಲ್ಲ. ಏನಂತ ಕೇಳಬೇಕು?

ಉತ್ತರ 1
ಕಾಯುವ ಹೊತ್ತು ಬೇರೆ, ಎದ್ದು ಕೆಲಸ ಮಾಡಿದ ಹೊತ್ತು ಬೇರೆ. ಎರಡನೆಯದಕ್ಕೆ ಕಾನೂನಿನ ಬಲ ಗಟ್ಟಿಯಾಗಿದೆ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ಸೆಕ್ಷನ್ 8ರ ಪ್ರಕಾರ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 48 ಗಂಟೆ ಮೀರಿದರೆ ದುಪ್ಪಟ್ಟು ಕೂಲಿ. ರಾತ್ರಿ 2ರಿಂದ 4ರವರೆಗೆ ಸರ್ವರ್ ಸರಿಮಾಡಿ, ಅದೇ ದಿನ ಆಫೀಸಲ್ಲಿ 8 ಗಂಟೆ ದುಡಿದರೆ ಒಟ್ಟು 10. ಒಂದು ಗಂಟೆ ಓವರ್‌ಟೈಮ್. ಸಂಬಳ 78,000 ಇದ್ದರೆ, 26 ದಿನ, 8 ಗಂಟೆಯಂತೆ ಭಾಗಿಸಿದಾಗ ಗಂಟೆಗೆ 375, ದುಪ್ಪಟ್ಟು 750 ರೂ.

ಮ್ಯಾನೇಜ್‌ಮೆಂಟ್ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸಲ್ಲ. ನೋಡಬೇಕಾದ್ದು ನೀವು ಮಾಡುವ ಕೆಲಸವನ್ನು, ಪದನಾಮವನ್ನಲ್ಲ. ರಜೆ ಮಂಜೂರು ಮಾಡೋದು, ಅಪ್ರೈಸಲ್ ಬರೆಯೋದು ಯಾವುದೂ ಇಲ್ಲದಿದ್ದರೆ ನಿಮ್ಮ ವಾದ ನಿಲ್ಲುತ್ತೆ. ಐಟಿಗೆ ವಿನಾಯಿತಿ ಇದೆ ಅಂದರೆ ಯಾವ ಕಾಯ್ದೆಯಿಂದ ಅಂತ ಕೇಳಿ. ಪದೇಪದೇ ಕೇಳಿಬರುವ ವಿನಾಯಿತಿ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಗೆ (ಕೆಲಸದ ಷರತ್ತುಗಳನ್ನು ಬರೆದಿಡಬೇಕು ಅನ್ನುತ್ತಿದ್ದ ಕಾಯ್ದೆ, 2025ರಲ್ಲಿ ರದ್ದಾಯಿತು) ಸಂಬಂಧಿಸಿದ್ದು.

ಉತ್ತರ 2
ಕಾಯುವ ಹೊತ್ತಿಗೆ ಯುರೋಪಿನ ಮಟ್ಜಾಕ್ ತೀರ್ಪು (2018) ನೋಡಿ. ಬೆಲ್ಜಿಯಂನ ಅಗ್ನಿಶಾಮಕ ಸಿಬ್ಬಂದಿ ಕರೆ ಬಂದ 8 ನಿಮಿಷದಲ್ಲಿ ಠಾಣೆಯಲ್ಲಿರಬೇಕಿತ್ತು. ಮನೆಯಲ್ಲಿ ಕಾದದ್ದೂ ಕೆಲಸದ ಸಮಯವೇ ಅಂತ ನ್ಯಾಯಾಲಯ ಹೇಳಿತು. ಎಷ್ಟು ಕೊಡಬೇಕು ಅನ್ನೋದನ್ನು ಆಯಾ ದೇಶದ ಕಾನೂನಿಗೇ ಬಿಟ್ಟಿತು. ನಮ್ಮಲ್ಲಿ ಇದು ಬಂಧಿಸಲ್ಲ, ಆದರೆ ತರ್ಕ ಸರಿಯಾಗಿದೆ: 15 ನಿಮಿಷ ಅಂದರೆ ಸಿನಿಮಾಗೂ ಹೋಗೋ ಹಾಗಿಲ್ಲ, ಮದುವೆಮನೆಯಲ್ಲಿ ಊಟಕ್ಕೂ ನಿಶ್ಚಿಂತೆಯಾಗಿ ಕೂರೋ ಹಾಗಿಲ್ಲ. ದುಡ್ಡು ಕೊಡಲ್ಲ ಅಂದರೆ ಮೊದಲು ಈ ಅವಧಿಯನ್ನು ಒಂದು ಗಂಟೆಗೆ ಏರಿಸಿ ಅಂತ ಕೇಳಿ.

ಉತ್ತರ 3
ನನ್ನ ಪ್ರಕಾರ ಎರಡೂ ಕೇಳಬೇಕು: ವಾರಕ್ಕೆ ಇಷ್ಟು ಅಂತ ನಿಗದಿ ಮೊತ್ತ, ಅದರ ಮೇಲೆ ಪ್ರತಿ ಅಲರ್ಟ್‌ಗೆ ಕನಿಷ್ಠ ಒಂದು ಗಂಟೆಯ ದರ. ಬರೀ ನಿಗದಿ ಮೊತ್ತವಾದರೆ ಬೇಡದ ಅಲರ್ಟ್‌ಗಳನ್ನು ಕಡಿಮೆ ಮಾಡಲು ಮೇಲಿನವರಿಗೆ ಯಾವ ಒತ್ತಡವೂ ಇರಲ್ಲ. ಬರೀ ಅಲರ್ಟ್ ಲೆಕ್ಕವಾದರೆ ಸದ್ದಿಲ್ಲದೆ ಕಳೆದ ವಾರಕ್ಕೆ ಸೊನ್ನೆ, ಕಟ್ಟಿಹಾಕಿದ್ದು ಮಾತ್ರ ಹಾಗೇ.

ಇಂದಿನಿಂದಲೇ ಬರೆದಿಡಿ: ಅಲರ್ಟ್ ಬಂದ ಸಮಯ, ಅಕ್ನಾಲೆಜ್ ಮಾಡಿದ್ದು (ನೋಡಿದೆ ಅಂತ ತಿಳಿಸಿದ್ದು), ಮುಗಿದದ್ದು, ಟಿಕೆಟ್ (ಆ ತೊಂದರೆಯ ದಾಖಲೆ) ಸಂಖ್ಯೆ. ಚಾಟ್‌ನಲ್ಲೇ ಸರಿಮಾಡಿ ಟಿಕೆಟ್ ತೆರೆಯದೆ ಬಿಟ್ಟ ಕೆಲಸ ಲೆಕ್ಕಕ್ಕೆ ಸಿಗಲ್ಲ, ಬಹಳ ಜನ ಸೋಲೋದು ಇಲ್ಲೇ.

ಪ್ರಶ್ನೆ ಕೇಳಿದವರು
ಧನ್ಯವಾದ. ದುಡ್ಡಿನ ಬದಲು ಕಾಂಪ್-ಆಫ್ (ಹೆಚ್ಚು ದುಡಿದದ್ದಕ್ಕೆ ಬದಲಿ ರಜೆ) ಕೊಡ್ತೀವಿ ಅಂದರೆ ಒಪ್ಪಬಹುದಾ?

ಉತ್ತರ 3
ಒಪ್ಪಿ, ಆದರೆ ಲ್ಯಾಪ್ಸ್ ಆಗುವ ತಾರೀಖು ಮೊದಲೇ ಕೇಳಿ. ಬಳಸದೆ ಉಳಿದರೆ ದುಡ್ಡಾಗಿ ಕೊಡಬೇಕು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ರಾತ್ರಿ ಎದ್ದ ಮರುದಿನ ತಡವಾಗಿ ಬರೋದನ್ನು ಕಾಂಪ್-ಆಫ್‌ನಲ್ಲಿ ಕಳೆಯಲು ಬಿಡಬೇಡಿ, ಅದು ನಿದ್ದೆಗೆ. ದುಡ್ಡು ಬಂದರೆ ಪೇಸ್ಲಿಪ್‌ನಲ್ಲಿ ಆನ್‌ಕಾಲ್ ಭತ್ಯೆ ಅಂತ ಬೇರೆ ಸಾಲಿರಲಿ. ತೆರಿಗೆ ಹೇಗೂ ಬೀಳುತ್ತೆ.