‘ಸಬಲೀಕರಣ’ಕ್ಕೆ ಅಲೆಮಾರಿಗಳ ಬಿಡಾರದಲ್ಲಿ ಸಲ್ಲುವ ಮಾತು ಯಾವುದು?

ಮಾನ್ಯರೇ,

ಅಲೆಮಾರಿ ಸಮುದಾಯಗಳ ತಾಯಂದಿರಿಗೆ ಓದಿ ಹೇಳಲೆಂದು ಸಿದ್ಧವಾಗುತ್ತಿರುವ ಆರೋಗ್ಯದ ಕಿರುಹೊತ್ತಗೆಯೊಂದರಲ್ಲಿ ‘ಮಹಿಳಾ ಸಬಲೀಕರಣದಿಂದ ತಾಯಿ ಮತ್ತು ಶಿಶುವಿನ ಆರೋಗ್ಯ ಸುಧಾರಣೆ’ ಎಂಬ ಸಾಲು ಬಂದಿದೆ. ‘ಸಬಲೀಕರಣ’ದ ಬಗ್ಗೆ ನನಗೆ ಎರಡು ಸಂದೇಹಗಳಿವೆ.

ಮೊದಲನೆಯದು ವ್ಯಾಕರಣದ್ದು. ಸಂಸ್ಕೃತದ ಚ್ವಿ ಪ್ರತ್ಯಯದಿಂದ ಆಗುವ ಇಂಥ ‘-ಈಕರಣ’ ರೂಪಗಳು ಮೊದಲು ಇಲ್ಲದಿದ್ದ ಗುಣವನ್ನು ಆಮೇಲೆ ಉಂಟುಮಾಡುವುದನ್ನು ಹೇಳುತ್ತವೆ. ವೈಯಾಕರಣರು ಇದನ್ನು ‘ಅಭೂತತದ್ಭಾವ’ ಎನ್ನುತ್ತಾರೆ. ಅಶುದ್ಧವಾದದ್ದಕ್ಕೆ ಮಾತ್ರ ಶುದ್ಧೀಕರಣ ಬೇಕಾಗುವಂತೆ, ಸಬಲೀಕರಣ ಎಂದ ಕೂಡಲೇ ಆ ಹೆಂಗಸರಲ್ಲಿ ಬಲವೇ ಇರಲಿಲ್ಲವೆಂದು ಒಪ್ಪಿದಂತಾಗುತ್ತದೆ. ಆದರೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಗರ್ಭಿಣಿಯರಿಗೆ ಕೊಡುವ ನಾಟಿ ಔಷಧಿಯನ್ನು ಕಲಿತದ್ದು ಊರಿಗೆ ಬರುತ್ತಿದ್ದ ಅಲೆಮಾರಿಗಳಿಂದ ಎಂಬುದು ಅವರ ಬದುಕಿನ ಬಗ್ಗೆ ಬಂದ ಬರಹಗಳಲ್ಲಿ ದಾಖಲಾಗಿದೆ. ಅಂಥ ತಿಳಿವಳಿಕೆಯಿದ್ದ ಜನರನ್ನು ಅಬಲರೆಂದು ಸೂಚಿಸುವ ಪದವನ್ನು ಅವರ ಮುಂದೆಯೇ ಓದಲು ನನ್ನ ಮನಸ್ಸು ಒಪ್ಪುವುದಿಲ್ಲ. ‘ಬಲಪಡಿಸು’, ‘ಬಲಗೊಳಿಸು’ ಎಂಬಲ್ಲಿಯೂ ಮಾಡುವವರು ಬೇರೆಯವರೇ. ‘ಬಲಗೊಳ್ಳು’ ಎಂದಾಗ ಕ್ರಿಯೆ ಅವಳದಾಗುತ್ತದೆ, ಆದರೆ ಅದರ ನಾಮರೂಪವಾದ ‘ಬಲಗೊಳ್ಳುವಿಕೆ’ ನಾಲಿಗೆಗೆ ತೊಡಕು.

ಎರಡನೆಯದು ಅರ್ಥದ್ದು. ಮಗುವಿಗೆ ಆರು, ಹತ್ತು ಮತ್ತು ಹದಿನಾಲ್ಕನೆಯ ವಾರಗಳಲ್ಲಿ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್ ಲಸಿಕೆ ಹಾಕಿಸಬೇಕು. ಆ ಎಂಟು ವಾರಗಳಲ್ಲಿ ಬಿಡಾರ ಬೇರೆ ತಾಲ್ಲೂಕಿಗೆ ಹೋಗಿದ್ದರೆ ಹಿಂದಿನ ಊರಿನ ಆಶಾ ಕಾರ್ಯಕರ್ತೆಗೆ ಮಗು ಸಿಗುವುದಿಲ್ಲ, ಹೊಸ ಊರಿನವರಿಗೆ ಮಗುವಿನ ಸುದ್ದಿಯೇ ಇರುವುದಿಲ್ಲ. ಆಗ ತಪಾಸಣೆ ಮತ್ತು ಲಸಿಕೆಗಳನ್ನು ಬರೆದಿಡುವ ‘ತಾಯಿ ಕಾರ್ಡ್’ ತಾಯಿಯ ಕೈಯಲ್ಲೇ ಇರಬೇಕು, ಮುಂದಿನ ಸೂಜಿ ಯಾವಾಗ ಎಂಬುದು ಅವಳಿಗೆ ತಿಳಿದಿರಬೇಕು, ‘ಸೂಜಿ ಹಾಕಿಸಿಕೊಂಡೇ ಹೊರಡೋಣ’ ಎಂದು ಅವಳು ಹೇಳಿದರೆ ಗಂಡನೂ ಅತ್ತೆಯೂ ಒಂದು ದಿನ ತಡೆಯಬೇಕು. ಇದಕ್ಕೆ ಕನ್ನಡದಲ್ಲಿ ಸಹಜವಾದ ಮಾತು ಈಗಾಗಲೇ ಇದೆ: ‘ಆ ಮನೆಯಲ್ಲಿ ಅವಳ ಮಾತು ನಡೆಯುತ್ತದೆ’. ಆದ್ದರಿಂದ ಆ ಸಾಲನ್ನು ‘ಹೆಂಗಸರ ಮಾತು ನಡೆದರೆ ತಾಯಿಯೂ ಮಗುವೂ ಆರೋಗ್ಯವಾಗಿರುತ್ತಾರೆ’ ಎಂದು ಬದಲಿಸಬೇಕೆಂಬುದು ನನ್ನ ಅಭಿಪ್ರಾಯ.

ಒಂದು ತೊಡಕು ಉಳಿದಿದೆ. ‘ಮಾತು ನಡೆಯುವುದು’ ಮನೆ ಮತ್ತು ಬಿಡಾರದ ಒಳಗಿನ ಅಧಿಕಾರಕ್ಕೆ ಚೆನ್ನಾಗಿ ಹೊಂದುತ್ತದೆ. ಖಾಯಂ ವಿಳಾಸ ಕೇಳುವ ಆಸ್ಪತ್ರೆಯ ಚೀಟಿ ಕೌಂಟರಿನ ಮುಂದೆ ಅದೇ ಹೆಂಗಸು ತನ್ನ ಹಕ್ಕನ್ನು ಕೇಳಿ ಪಡೆಯುವುದಕ್ಕೂ ಈ ಮಾತನ್ನು ಬಳಸಬಹುದೇ? ಸುಡುಗಾಡು ಸಿದ್ಧರು, ಬುಡ್ಗ ಜಂಗಮರು, ಹಕ್ಕಿಪಿಕ್ಕಿಗಳು ತಮ್ಮೊಳಗೆ ಆಡುವ ನುಡಿಗಳಲ್ಲಿ ಇದಕ್ಕೆ ಬೇರೆ ಮಾತಿದ್ದರೆ, ಅದನ್ನು ಕೇಳಿ ಬಲ್ಲವರು ಬಳಕೆಯ ವಾಕ್ಯದೊಡನೆ ತಿಳಿಸಬೇಕೆಂದು ಕೋರುತ್ತೇನೆ.