ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ: ಸಾಕಿ ಅನುಭವ ಇರುವವರು ಹೇಳಿ

ಕುಂಬಳೆಯಿಂದ ಪ್ರಶ್ನೆ:

ನಮ್ಮಲ್ಲಿ ಗಪ್ಪಿ, ಏಂಜಲ್, ಗೋಲ್ಡ್‌ಫಿಶ್ ಎಲ್ಲ ಸಾಕಿ ಅಭ್ಯಾಸ ಇದೆ. ಈಗ ಮಗಳಿಗೆ ಕಡಲಿನ ಕ್ಲೌನ್ ಮೀನು ಬೇಕಂತೆ. ನನಗೂ ಆಸೆಯೇ. ಸಮುದ್ರ ಮನೆಗೆ ಹತ್ತಿರ, ನೀರು ಅಲ್ಲಿಂದಲೇ ತರಬಹುದಾ? ಎರಡು ಅಡಿಯ ಹಳೇ ಟ್ಯಾಂಕ್ ಇದೆ, ಸಾಕಾಗುತ್ತದಾ? ನಮ್ಮ ಕಡೆಯ ಸೆಕೆ, ಮಳೆಗಾಲದಲ್ಲಿ ಕರೆಂಟು ಹೋಗುವುದು, ಇದೆಲ್ಲ ನೋಡಿಕೊಂಡು ಹೇಳಿ.

ಉಪ್ಪಳದಿಂದ:

ಅಕ್ಕಾ, ಧಾರಾಳವಾಗಿ ಮಾಡಬಹುದು. ಆದರೆ ಮೊದಲ ಒಂದೂವರೆ ತಿಂಗಳು ಟ್ಯಾಂಕಿನಲ್ಲಿ ಮೀನೇ ಇರುವುದಿಲ್ಲ. ಇದನ್ನು ಮಗಳಿಗೂ ಈಗಲೇ ಹೇಳಿಡಿ.

ಯಾಕೆ ಅಂದರೆ, ಮೀನಿನ ಹೊಲಸಿನಿಂದ ಅಮೋನಿಯಾ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಈ ಬ್ಯಾಕ್ಟೀರಿಯಾ ಕಲ್ಲಿನಲ್ಲಿ, ಮರಳಿನಲ್ಲಿ ಬೆಳೆದು ನಿಲ್ಲಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಗಪ್ಪಿ ಸಾಕುವಾಗ ಇಷ್ಟೆಲ್ಲ ಇರಲಿಲ್ಲವಲ್ಲ ಅಂತ ನಿಮಗೆ ಅನ್ನಿಸಬಹುದು. ನಮ್ಮ ಮುರಕಲ್ಲಿನ ನೆಲದ ಬಾವಿ ನೀರು ಮೆದು, ಸ್ವಲ್ಪ ಹುಳಿ ಗುಣದ್ದು. ಅಂಥ ನೀರಿನಲ್ಲಿ ಅಮೋನಿಯಾ ಹೆಚ್ಚಿನಂಶ ಅಷ್ಟು ವಿಷವಲ್ಲದ ರೂಪದಲ್ಲಿ ಇರುತ್ತದೆ. ಸಮುದ್ರದ ನೀರಿನ ಪಿಎಚ್ 8.1ರಿಂದ 8.4. ಅಲ್ಲಿ ಅದೇ ಅಮೋನಿಯಾ ಮೀನಿನ ಕಿವಿರನ್ನು ಸುಡುತ್ತದೆ. ಹಾಗಾಗಿ ಸಿಹಿನೀರಿನಲ್ಲಿ ನಡೆದದ್ದು ಇಲ್ಲಿ ನಡೆಯುವುದಿಲ್ಲ.

ನಾನು ಮಾಡಿದ್ದು ಹೀಗೆ. ಕಲ್ಲು, ಮರಳು, ಉಪ್ಪುನೀರು ಎಲ್ಲ ಹಾಕಿ, ಪಂಪು ಓಡಿಸಿ, ಒಂದು ಹಸಿ ಎಟ್ಟಿಯನ್ನು (ಸಿಗಡಿ) ಒಳಗೆ ಬಿಟ್ಟೆ. ಅದು ಕೊಳೆತು ಅಮೋನಿಯಾ ಬರುತ್ತದೆ. ಅಮೋನಿಯಾ ಟೆಸ್ಟ್ ಕಿಟ್‌ನ ಹನಿ ಹಾಕಿದಾಗ ಸಣ್ಣ ಗಾಜಿನ ಕೊಳವೆಯ ನೀರು ಮೊದಲು ಹಳದಿ, ಆಮೇಲೆ ತಿಳಿಹಸಿರು, ಆಮೇಲೆ ದಟ್ಟ ಹಸಿರು. ದಿನ ಕಳೆದ ಹಾಗೆ ಅದೇ ಹಸಿರು ಇಳಿದು ಮತ್ತೆ ಹಳದಿಗೆ ಬಂತು. ನೈಟ್ರೈಟ್ ಕೂಡ ಸೊನ್ನೆಗೆ ಬಂದ ಮೇಲೆಯೇ ಮೀನು ತರಬೇಕು. ನಡುವೆ ಕಲ್ಲು, ಮರಳು, ಗಾಜು ಎಲ್ಲದರ ಮೇಲೆ ಕಂದು ಬಣ್ಣದ ಪಾಚಿ ಕೂರುತ್ತದೆ. ಹೆದರಿ ಎಲ್ಲ ತೆಗೆದು ತೊಳೆಯಬೇಡಿ, ಅದು ತಾನಾಗಿ ಹೋಗುತ್ತದೆ.

ಎರಡು ಅಡಿಯದ್ದು ಬೇಡ. ನೀರು ಕಡಿಮೆ ಇದ್ದಷ್ಟೂ ಬಿಸಿ, ಉಪ್ಪು ಬೇಗ ಏರುಪೇರಾಗುತ್ತದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ್ದು ತೆಗೆದುಕೊಳ್ಳಿ. ಸುಮಾರು 190 ಲೀಟರ್ ಹಿಡಿಯುತ್ತದೆ. ನೀರೇ 190 ಕಿಲೋ ದಾಟುತ್ತದೆ, ಅದರ ಮೇಲೆ ಗಾಜು, ಕಲ್ಲು, ಮರಳು. ಕಬ್ಬಿಣದ ಸ್ಟ್ಯಾಂಡಿಗೆ ಉಪ್ಪುನೀರು ಚಿಮ್ಮಿ ತುಕ್ಕು ಹಿಡಿಯುತ್ತದೆ. ಮುರಕಲ್ಲು ಕಟ್ಟಿಸಿ ಮೇಲೆ ಗ್ರಾನೈಟ್ ಹಾಸಿದರೆ ಮತ್ತೆ ನೋಡಬೇಕಾಗಿಲ್ಲ. ಸಮತಟ್ಟಾಗಿರಬೇಕು, ಗಾಜಿನ ಕೆಳಗೆ ತೆಳು ಫೋಮ್ ಶೀಟ್ ಹಾಕಿ.

ಇನ್ನು ಸೆಕೆ. ನನ್ನ ಪ್ರಕಾರ ನಮ್ಮೂರಲ್ಲಿ ಎಲ್ಲಕ್ಕಿಂತ ದೊಡ್ಡ ಕಷ್ಟ ಇದೇ. ನೀರು 24ರಿಂದ 27 ಡಿಗ್ರಿ ಇದ್ದರೆ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ತಾರಸಿ ಮನೆಯ ಮಹಡಿಯಲ್ಲಿ ಸುಮ್ನೆ ಇಟ್ಟ ನೀರೇ 30 ದಾಟುತ್ತದೆ. ಬಿಸಿ ಏರಿದಷ್ಟೂ ನೀರಿನಲ್ಲಿ ಆಮ್ಲಜನಕ ಕಡಿಮೆ, ಉಪ್ಪುನೀರಿನಲ್ಲಿ ಮೊದಲೇ ಸಿಹಿನೀರಿಗಿಂತ ಕಡಿಮೆ. ನೀರಿನ ಮೇಲೆ ಫ್ಯಾನ್ ಬಿಡಿ ಅಂತ ಎಲ್ಲರೂ ಹೇಳುತ್ತಾರೆ. ಫ್ಯಾನ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ನಮ್ಮ ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ, ಹಾಗಾಗಿ ಒಣ ಊರಿನಲ್ಲಿ ಇಳಿಯುವಷ್ಟು ಇಲ್ಲಿ ಇಳಿಯುವುದಿಲ್ಲ. ನೆಲ ಅಂತಸ್ತಿನಲ್ಲಿ, ಬಿಸಿಲು ತಾಗದ ಒಳಗೋಡೆಗೆ ತಾಗಿಸಿ ಇಡಿ. ಎಲ್‌ಇಡಿ ಲೈಟನ್ನೇ ಹಾಕಿ. ಹವಳ ಸಾಕುವ ಯೋಚನೆ ಮುಂದೆ ಬಂದರೆ ಮಾತ್ರ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ತೆಗೆದುಕೊಳ್ಳಲೇಬೇಕು. ಅದಕ್ಕೆ ಟ್ಯಾಂಕಿಗಿಂತ ಜಾಸ್ತಿ ದುಡ್ಡು ಬೇಕು.

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಅದಕ್ಕೆ ಕಡಿಮೆಯಾದಷ್ಟನ್ನು ಸಿಹಿನೀರಿನಿಂದಲೇ ತುಂಬಬೇಕು, ಆರ್‌ಒ ನೀರಾದರೆ ಒಳ್ಳೆಯದು. ಗಾಜಿಗೆ ಒಂದು ಟೇಪ್ ಅಂಟಿಸಿ ಗುರುತು ಮಾಡಿಡಿ. ಅದಕ್ಕಿಂತ ಕೆಳಗೆ ಇಳಿದಷ್ಟನ್ನು ದಿನಾ ಬೆಳಿಗ್ಗೆ ತುಂಬಿಸಿ.

ಕರೆಂಟು ಹೋದಾಗ ಲೈಟು ಆರಿದರೆ ಏನೂ ಆಗುವುದಿಲ್ಲ. ನೀರಿನ ಓಡಾಟ ನಿಂತರೆ ಮೀನಿಗೆ ಉಸಿರು ಕಟ್ಟುತ್ತದೆ. ಟ್ಯಾಂಕಿನೊಳಗೆ ನೀರು ತಳ್ಳುವ ಸಣ್ಣ ವೇವ್‌ಮೇಕರನ್ನು ಇನ್ವರ್ಟರಿಗೆ ಜೋಡಿಸಿ. ಅದಕ್ಕೆ ಕರೆಂಟು ತುಂಬ ಕಡಿಮೆ ಸಾಕು. ಬ್ಯಾಟರಿಯ ಏರ್ ಪಂಪ್ ಒಂದು ಕೈಯಲ್ಲಿರಲಿ. ಇನ್ನೊಂದು ವಿಷಯ, ಉಪ್ಪುನೀರಿನಲ್ಲಿ ಕರೆಂಟು ಚೆನ್ನಾಗಿ ಹರಿಯುತ್ತದೆ. ಮನೆಯಲ್ಲಿ ಇಎಲ್‌ಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಇದೆಯಾ ನೋಡಿ, ಇಲ್ಲದಿದ್ದರೆ ಹಾಕಿಸಿಯೇ ಶುರು ಮಾಡಿ. ಮಗು ಇರುವ ಮನೆ, ಅಲ್ವಾ?

ಮಂಜೇಶ್ವರದಿಂದ:

ಸಮುದ್ರದ ನೀರಿನ ಬಗ್ಗೆ ನಾನು ಹೇಳುತ್ತೇನೆ. ತರಬಹುದು, ನಾನು ಅದನ್ನೇ ಬಳಸುತ್ತೇನೆ. ಆದರೆ ಎಲ್ಲೆಂದರಲ್ಲಿ, ಯಾವಾಗೆಂದರೆ ಆಗ ಅಲ್ಲ. ನಮ್ಮ ಈ ಸಣ್ಣ ತೀರದಲ್ಲೇ ಮಂಜೇಶ್ವರ, ಉಪ್ಪಳ, ಶಿರಿಯಾ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಅಂತ ಹೊಳೆಗಳು ಒಂದರ ಹಿಂದೆ ಒಂದು ಕಡಲಿಗೆ ಸೇರುತ್ತವೆ. ಮಳೆಗಾಲದಲ್ಲಿ ದಡದ ನೀರು ಕೆಂಪಗಾಗಿ, ಉಪ್ಪು ತೀರಾ ಕಡಿಮೆಯಾಗಿರುತ್ತದೆ. ಟ್ಯಾಂಕಿಗೆ ಬೇಕಾದದ್ದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಅದು 1.025, 1.026 ಅಂತ ಕಾಣುತ್ತದೆ. ಈ ಉಪಕರಣಕ್ಕೆ ದುಡ್ಡು ಉಳಿಸಬೇಡಿ. ಎರಡು ಹನಿ ನೀರು ಹಾಕಿ, ಮುಚ್ಚಳ ಮುಚ್ಚಿ, ಬೆಳಕಿಗೆ ಹಿಡಿದು ನೋಡಿದರೆ ನೀಲಿ ಮತ್ತು ಬಿಳಿ ಸೇರುವ ಗೆರೆಯೇ ಲೆಕ್ಕ.

ಜನವರಿಯಿಂದ ಮಾರ್ಚ್ ಒಳಗೆ, ಭರತದ ಹೊತ್ತಿಗೆ, ಅಳಿವೆಯಿಂದ ದೂರ ಹೋಗಿ ತನ್ನಿ. ಬಂದರಿನ ಹತ್ತಿರದ್ದು ಬೇಡ, ಡೀಸೆಲ್ ಇರುತ್ತದೆ. ದೋಣಿಯವರ ಪರಿಚಯ ಇದ್ದರೆ ಹೊರಗಿನ ನೀರನ್ನೇ ಕ್ಯಾನಿನಲ್ಲಿ ತರಿಸಿ. ತಂದದ್ದನ್ನು ಬಟ್ಟೆಯಲ್ಲಿ ಸೋಸಿ, ಮುಚ್ಚಳದ ಡ್ರಮ್ಮಿನಲ್ಲಿ ಕತ್ತಲೆಯಲ್ಲಿ ಎರಡು ಮೂರು ವಾರ ಇಡಿ. ಅದರಲ್ಲಿರುವ ಸಣ್ಣ ಜೀವಿಗಳು ಸತ್ತು ತಳಕ್ಕೆ ಕೂರುತ್ತವೆ. ಮೇಲಿನ ತಿಳಿ ನೀರು ತೆಗೆದು, ಒಂದು ದಿನ ಗಾಳಿ ಬಿಟ್ಟು, ಉಪ್ಪು ನೋಡಿ ಬಳಸಿ.

ಇಷ್ಟು ಪುರುಸೊತ್ತು ಇಲ್ಲದಿದ್ದರೆ ಮರೀನ್ ಸಾಲ್ಟ್ ಪ್ಯಾಕೆಟ್ ತಂದು ಆರ್‌ಒ ನೀರಿನಲ್ಲಿ ಕಲಸಿ. ನಿಮ್ಮ ಟ್ಯಾಂಕಿಗೆ ಒಂದು ಸಲಕ್ಕೆ ಆರೇಳು ಕಿಲೋ ಬೇಕು. ಅಡುಗೆಯ ಕಲ್ಲುಪ್ಪು ಆಗುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬೇಕಾದಷ್ಟು ಇರುವುದಿಲ್ಲ.

ಕಾಸರಗೋಡಿನಿಂದ:

ಒಂದು ಮಾತು ಸೇರಿಸುತ್ತೇನೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕಡಲಿನಿಂದ ಹವಳದ ಕಲ್ಲು ತಂದು ಹಾಕಿದರೆ ಬೇಗ ಆಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹವಳ, ಕಡಲ್ಗುದುರೆ ಎಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಸತ್ತ ತುಂಡಾದರೂ ಅಪರಾಧವೇ. ಅಂಗಡಿಯಲ್ಲಿ ಸಿಗುವ ಕೃತಕ ಕಲ್ಲಿನಲ್ಲೂ ಬ್ಯಾಕ್ಟೀರಿಯಾ ಚೆನ್ನಾಗಿ ಬೆಳೆಯುತ್ತದೆ, ಸ್ವಲ್ಪ ನಿಧಾನ ಅಷ್ಟೇ.

ಮೀನೂ ಹಾಗೆ. ಕಡಲಿನಿಂದ ಹಿಡಿದದ್ದಕ್ಕಿಂತ ಹ್ಯಾಚರಿಯಲ್ಲಿ ಹುಟ್ಟಿದ್ದನ್ನೇ ಕೇಳಿ. ಕ್ಲೌನ್ ಮೀನಿನ ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದ್ದೇ ಆದ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಮಾಡಿ ತೋರಿಸಿದ್ದಾರೆ. ಹ್ಯಾಚರಿಯ ಮೀನು ಟ್ಯಾಂಕಿನಲ್ಲೇ ಬೆಳೆದದ್ದು, ಗುಳಿಗೆ ತಿಂಡಿಯನ್ನು ಮೊದಲ ದಿನದಿಂದಲೇ ತಿನ್ನುತ್ತದೆ.

ಮೊಗ್ರಾಲಿನಿಂದ:

ಆ ಎರಡಡಿ ಟ್ಯಾಂಕ್ ಬಿಸಾಡಬೇಡಿ ಅಕ್ಕಾ. ಅದರಲ್ಲಿ ಅರೆ ಉಪ್ಪುನೀರು ಮಾಡಿ ಪಳ್ಳತ್ತಿ ಮೀನು ಬಿಡಿ. ನಮ್ಮ ಹಿನ್ನೀರಿನದ್ದೇ ಮೀನು, ಅಂಗೈಗಿಂತ ದೊಡ್ಡದಾಗುವುದಿಲ್ಲ, ಹಳದಿ ಮೈ ನೋಡಲು ಚಂದ. ಸಿಹಿನೀರಿಗೂ ಉಪ್ಪಿಗೂ ಹೊಂದಿಕೊಳ್ಳುತ್ತದೆ, ನಮ್ಮ ಸೆಕೆಗೂ ಬಗ್ಗುವುದಿಲ್ಲ. ಉಪ್ಪು ಅಳೆಯುವುದು, ನೀರು ಬದಲಿಸುವುದು ಕೈಗೆ ಹತ್ತುತ್ತದೆ. ದೊಡ್ಡ ಟ್ಯಾಂಕ್ ತಯಾರಾಗುವವರೆಗೆ ಮಗಳಿಗೂ ನೋಡಲು ಏನಾದರೂ ಇರುತ್ತದೆ.

ಕುಂಬಳೆಯಿಂದ:

ಎಲ್ಲರಿಗೂ ತುಂಬ ಉಪಕಾರ. ಪಳ್ಳತ್ತಿಯ ಯೋಚನೆ ಮಗಳಿಗೆ ಇಷ್ಟವಾಯಿತು. ಮೂರಡಿ ಟ್ಯಾಂಕಿನಲ್ಲಿ ಎಷ್ಟು ಮೀನು ಬಿಡಬಹುದು? ಕ್ಲೌನ್ ಜೊತೆ ಎನಿಮೋನ್ (ಅದು ಅಡಗಿ ಕೂರುವ ಹೂವಿನಂಥ ಕಡಲಜೀವಿ) ಬೇಕೇ ಬೇಕಾ?

ಉಪ್ಪಳದಿಂದ:

ಬೇಡ. ಎನಿಮೋನ್ ಇಲ್ಲದೆಯೂ ಕ್ಲೌನ್ ಚೆನ್ನಾಗಿಯೇ ಇರುತ್ತದೆ. ಎನಿಮೋನಿಗೆ ಬಲವಾದ ಬೆಳಕು, ಪಳಗಿದ ಟ್ಯಾಂಕ್ ಬೇಕು. ಸತ್ತರೆ ಇಡೀ ನೀರು ಕೆಡಿಸುತ್ತದೆ.

ಮೊದಲು ಒಂದು ಜೋಡಿ ಕ್ಲೌನ್ ಸಾಕು. ಒಂದು ದೊಡ್ಡದು, ಒಂದು ಚಿಕ್ಕದು ಆರಿಸಿ. ಅವೆಲ್ಲ ಗಂಡಾಗಿಯೇ ಬೆಳೆಯುತ್ತವೆ, ಜೋಡಿಯಲ್ಲಿ ದೊಡ್ಡದು ಆಮೇಲೆ ಹೆಣ್ಣಾಗುತ್ತದೆ. ಹಾಗಾಗಿ ಜಗಳ ಕಡಿಮೆ. ಒಂದು ತಿಂಗಳು ನೋಡಿಕೊಂಡು ಒಂದು ಗೋಬಿ ಮೀನು ತನ್ನಿ. ಒಟ್ಟು ನಾಲ್ಕೈದು ಸಣ್ಣ ಮೀನು ದಾಟಬೇಡಿ. ಡ್ಯಾಮ್ಸೆಲ್ ಮೀನು ಅಗ್ಗಕ್ಕೆ ಸಿಗುತ್ತದೆ, ಆದರೆ ಆಮೇಲೆ ಬರುವವರನ್ನೆಲ್ಲ ಓಡಿಸಿ ಕಚ್ಚುತ್ತದೆ. ನೀಲಿ ಟ್ಯಾಂಗ್ ಮೀನು ಈ ಅಳತೆಯಲ್ಲಿ ಬೇಡವೇ ಬೇಡ, ಅದಕ್ಕೆ ಈಜಲು ತುಂಬ ಜಾಗ ಬೇಕು.

ಅಂಗಡಿಯಲ್ಲಿ ಮೀನು ಆರಿಸುವಾಗ ನಿಮ್ಮೆದುರೇ ತಿಂಡಿ ಹಾಕಿಸಿ. ತಿನ್ನದಿದ್ದರೆ ತರಬೇಡಿ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇದ್ದರೆ ಆ ಟ್ಯಾಂಕಿನ ಯಾವ ಮೀನೂ ಬೇಡ. ತಂದದ್ದನ್ನು ಬೇರೆ ಸಣ್ಣ ಟ್ಯಾಂಕಿನಲ್ಲಿ ನಾಲ್ಕು ವಾರ ಇಟ್ಟು ಆಮೇಲೆ ದೊಡ್ಡದಕ್ಕೆ ಬಿಡಿ. ತಾಮ್ರದ ಔಷಧಿ ಕೊಡಬೇಕಾಗಿ ಬಂದರೂ ಆ ಸಣ್ಣ ಟ್ಯಾಂಕಿನಲ್ಲೇ ಕೊಡಿ. ದೊಡ್ಡದಕ್ಕೆ ಹಾಕಿದರೆ ಎಟ್ಟಿ, ಏಡಿ, ಬಸವನಹುಳು ಎಲ್ಲ ಸಾಯುತ್ತವೆ.