ಪದಚರ್ಚೆ: ಎಲೆಕ್ಟ್ರಾನ್–ಫೋನಾನ್ ‘ಕಪ್ಲಿಂಗ್’ಗೆ ಯಾವ ಪದ?

ಪ್ರಶ್ನೆ:

ಕಾಸರಗೋಡಿನ ಕನ್ನಡ ಮಾಧ್ಯಮದಿಂದ ಪ್ಲಸ್ ಟುವಿಗೆ ಬಂದ ಮಕ್ಕಳಿಗಾಗಿ ಗ್ರಾಫೀನಿನ (ಒಂದೇ ಪರಮಾಣು ದಪ್ಪದ ಕಾರ್ಬನ್ ಹಾಳೆಯ) ಬಗ್ಗೆ ಒಂದು ಟಿಪ್ಪಣಿ ತಯಾರಾಗುತ್ತಿದೆ. ಲ್ಯಾಟಿಸ್ (ಪರಮಾಣುಗಳ ಸಾಲುಗಟ್ಟಿದ ಬಲೆ) ‘ಜಾಲಕ’ ಆಯಿತು, ವೈಬ್ರೇಶನ್ ‘ಕಂಪನ’ ಆಯಿತು. ಎಲೆಕ್ಟ್ರಾನೂ ಫೋನಾನೂ (ಜಾಲಕದ ಕಂಪನದ ಶಕ್ತಿಯ ಒಂದು ಪೊಟ್ಟಣ) ಒಂದನ್ನೊಂದು ಪ್ರಭಾವಿಸುವ ‘ಕಪ್ಲಿಂಗ್’ ಎಂಬಲ್ಲಿ ಬಂಡಿ ನಿಂತಿದೆ. ಬಂಧ, ಜೋಡಣೆ, ಚದುರಿಕೆ – ಯಾವುದು ಸರಿ ಮಾಷ್ಟ್ರೇ?

ಉತ್ತರ:

‘ಬಂಧ’ ಬೇಡವೇ ಬೇಡ. ಕಾರ್ಬನ್–ಕಾರ್ಬನ್ ಬಂಧದ ಉದ್ದ 0.142 ನ್ಯಾನೊಮೀಟರ್ ಎಂದು ಅದೇ ಪುಟದಲ್ಲಿ ಬರೆದಿರುತ್ತೀರಿ; ಕೆಳಗೆ ಮತ್ತೆ ‘ಬಂಧ’ ಕಂಡರೆ ಎಲೆಕ್ಟ್ರಾನು ಫೋನಾನಿಗೆ ಅಂಟಿಕೊಂಡಿತೆಂದೇ ಮಕ್ಕಳು ತಿಳಿಯುವುದು. ‘ಜೋಡಣೆ’ ಎಂದರೆ ಪಂಪಿಗೆ ಪೈಪು ಕೂಡಿಸಿದ ಹಾಗೆ, ಹೊರಗಿನವರು ಮಾಡಿದ ಕೆಲಸ.

‘ಚದುರಿಕೆ’ ತಪ್ಪಲ್ಲ, ಆದರೆ ಅರ್ಧ ಮಾತ್ರ. ನಡುಗುವ ಜಾಲಕ ಎಲೆಕ್ಟ್ರಾನನ್ನು ಅಡ್ಡದಾರಿಗೆ ತಳ್ಳುತ್ತದೆ, ರೋಧ ಏರುತ್ತದೆ. ಅಕೌಸ್ಟಿಕ್ ಫೋನಾನುಗಳಿಂದ (ನೆರೆಯ ಪರಮಾಣುಗಳು ಒಟ್ಟಿಗೆ ತೂಗುವ, ಸದ್ದಿನಲೆಯಂಥ ಕಂಪನಗಳಿಂದ) ಬರುವ ಈ ರೋಧ ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಕೆಲ್ವಿನ್ ಉಷ್ಣತೆಗೆ ನೇರ ಅನುಪಾತದಲ್ಲಿರುತ್ತದೆ; ತುಂಬಾ ತಣಿಸಿದರೆ ಉಷ್ಣತೆಯ ನಾಲ್ಕನೇ ಘಾತದಂತೆ ಇಳಿಯುತ್ತದೆ. (ಹಾಳೆಯನ್ನು ಸಿಲಿಕಾದ ಮೇಲೆ ಇಟ್ಟಿದ್ದರೆ ಸಿಲಿಕಾದ ಕಂಪನಗಳೂ ಸೇರಿಕೊಳ್ಳುತ್ತವೆ. ಆದ್ದರಿಂದ ಬರೇ ‘ಜಾಲಕ’ ಎನ್ನದೆ ಯಾವುದರ ಜಾಲಕ ಎಂದೂ ಹೇಳಿ.)

ಉಳಿದರ್ಧ ತಿರುಗುಮುರುಗು: ಎಲೆಕ್ಟ್ರಾನುಗಳು ಕಂಪನವನ್ನೇ ಬದಲಿಸುತ್ತವೆ. ರಾಮನ್ ರೋಹಿತದಲ್ಲಿ (ಲೇಸರ್ ಬೆಳಕು ಬಿಟ್ಟು ಕಂಪನಗಳನ್ನು ಗುರುತಿಸುವ ನಕ್ಷೆಯಲ್ಲಿ) ಗ್ರಾಫೀನಿನ ಜಿ ಗೆರೆ ನೋಡಿ. ಅದು ಇರುವುದು ಸುಮಾರು 1580 ಪ್ರತಿ ಸೆಂಟಿಮೀಟರಿನಲ್ಲಿ. ಅದನ್ನು ಮೂಡಿಸುವ ಫೋನಾನಿನ ಶಕ್ತಿ 196 ಮಿಲಿ ಎಲೆಕ್ಟ್ರಾನ್ ವೋಲ್ಟ್. ಅದು ಎಲೆಕ್ಟ್ರಾನ್–ರಂಧ್ರ ಜೋಡಿಯೊಂದನ್ನು (ಮೇಲೇರಿದ ಎಲೆಕ್ಟ್ರಾನು, ಅದು ಬಿಟ್ಟ ಖಾಲಿ ಜಾಗ) ಎಬ್ಬಿಸಿ ತಾನು ಇಲ್ಲವಾಗಬಲ್ಲದು; ಆಯುಸ್ಸು ಕಡಿಮೆ, ಹಾಗಾಗಿ ಗೆರೆ ಅಗಲ. ಗೇಟ್ ವೋಲ್ಟೇಜ್ ಕೊಟ್ಟು ಫರ್ಮಿ ಮಟ್ಟವನ್ನು (ಎಲೆಕ್ಟ್ರಾನುಗಳು ತುಂಬಿರುವ ಶಕ್ತಿಯ ಎತ್ತರವನ್ನು) ಡಿರಾಕ್ ಬಿಂದುವಿನಿಂದ (ಗ್ರಾಫೀನಿನ ಎರಡು ಶಕ್ತಿಪಟ್ಟಿಗಳು ಕೂಡುವಲ್ಲಿಂದ) ಆ ಫೋನಾನ್ ಶಕ್ತಿಯ ಅರ್ಧಕ್ಕಿಂತ, ಅಂದರೆ 98 ಮಿಲಿ ಎಲೆಕ್ಟ್ರಾನ್ ವೋಲ್ಟಿಗಿಂತ ಮೇಲಕ್ಕೆ ಸರಿಸಿ. ಎಲೆಕ್ಟ್ರಾನು ಹೋಗಿ ಕೂರಬೇಕಾದ ಜಾಗ ಮೊದಲೇ ಭರ್ತಿ, ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನು ಕೂರಬಾರದೆನ್ನುವ ಪೌಲಿ ನಿಯಮ ಬಿಡುವುದಿಲ್ಲ. ಗೆರೆ ಸಪೂರವಾಗುತ್ತದೆ, ಮೇಲಿನ ಆವೃತ್ತಿಗೂ ಸರಿಯುತ್ತದೆ. ಇಲ್ಲಿ ಏನು ಚದುರಿತು? ಅಲ್ಲದೆ ‘ಜೋಡಿ’ ಎಂಬ ಪದ ಇದೇ ವಿವರಣೆಯಲ್ಲಿ ಬಂದೇ ಬರುವುದರಿಂದ ‘ಜೋಡಣೆ’ ಇನ್ನಷ್ಟು ಗೊಂದಲ.

ನನ್ನ ಮತ ‘ನಂಟು’ವಿಗೆ. ನಂಟೆಂದ ಮೇಲೆ ಎರಡೂ ಕಡೆಗೆ ತಗಲುತ್ತದೆ. ‘ನಂಟಿನ ಬಲ’, ‘ನಂಟಿನ ಸ್ಥಿರಾಂಕ’, ‘ಸ್ಪಿನ್–ಕಕ್ಷೆ ನಂಟು’ ಎಂದು ಬೆಳೆಸಲೂ ಬರುತ್ತದೆ. ‘ಹೆಣಿಗೆ’ ಚೆಂದದ ಪದವೇ. ಅದನ್ನು ಎಂಟ್ಯಾಂಗಲ್‌ಮೆಂಟಿಗೆ (ದೂರವಿದ್ದರೂ ಕಣಗಳ ಸ್ಥಿತಿಗಳು ಒಂದಕ್ಕೊಂದು ಹೆಣೆದುಕೊಂಡಿರುವುದಕ್ಕೆ) ಎತ್ತಿಡುವುದು ಒಳ್ಳೆಯದು. ಮೊದಲ ಸಲ ಬಂದಲ್ಲಿ ಮಾತ್ರ ‘ನಂಟು, ಅಂದರೆ ಕಪ್ಲಿಂಗ್’ ಎಂದು ಬರೆದುಬಿಡಿ, ಮಕ್ಕಳು ಮುಂದೆ ಬಿಡಿಸುವುದು ಇಂಗ್ಲಿಷ್ ಪುಸ್ತಕವನ್ನೇ.